ಆಸ್ಪತ್ರೆಯವರು ಹಿಂದೇಟು ಹಾಕಿದಾಗ ಮನೆ ಹೆರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಹೆರಿಗೆ ಆಗಬೇಕು ಅನ್ನುವ ಆಸೆ ನಿಮಗಿದೆ. ಆಸ್ಪತ್ರೆಯಲ್ಲಿ ಬಾಯಿ ಬಿಟ್ಟರೆ ಎದುರಿಗಿದ್ದವರ ಮುಖವೇ ಬದಲಾಗುತ್ತದೆ. ಇಂಥ ಪರಿಸ್ಥಿತಿಯಲ್ಲಿ ಇರುವವರು ಕೇಳುವ ಪ್ರಶ್ನೆಗಳು ಇವು. ನಿಮ್ಮನ್ನು ಪರೀಕ್ಷಿಸಿದ ಡಾಕ್ಟರ್ ಹೇಳುವ ಮಾತಿಗೆ ಇದು ಬದಲಿ ಅಲ್ಲ. ಅವರ ಎದುರು ಕೂರುವ ಮುಂಚೆ ಓದಿಕೊಂಡರೆ ಮಾತು ಸುಲಭವಾಗುತ್ತದೆ, ಅಷ್ಟೇ. ಮಿಡ್‌ವೈಫ್ ಅಂತ ಬರೆದಲ್ಲೆಲ್ಲ ಹೆರಿಗೆ ಮಾಡಿಸುವ ತರಬೇತಿ ಪಡೆದು, ಸರ್ಕಾರದ ಪರವಾನಗಿ ಇರುವವರು ಅಂತ ಓದಿಕೊಳ್ಳಿ.

ಆಸ್ಪತ್ರೆಯವರು "ಆಗಲ್ಲ" ಅಂದುಬಿಟ್ಟರು. ಅಲ್ಲಿಗೆ ಮುಗೀತಾ?

ಯಾಕೆ ಆಗಲ್ಲ ಅಂತ ಕೇಳಿದಿರಾ? ಹೆಚ್ಚಿನವರು ಕೇಳುವುದೇ ಇಲ್ಲ. ಬೇಜಾರು ಮಾಡಿಕೊಂಡು ಎದ್ದು ಬರುತ್ತಾರೆ.

ಈ "ಆಗಲ್ಲ" ಅನ್ನುವುದರಲ್ಲಿ ಮೂರು ಬಗೆ ಇದೆ. ಒಂದು, ನಿಮ್ಮ ದೇಹದಲ್ಲಿ ಅಥವಾ ಮಗುವಿನಲ್ಲಿ ಏನೋ ಕಂಡು, ಅದಕ್ಕಾಗಿ ಬೇಡ ಅನ್ನುವುದು. ಇನ್ನೊಂದು, ಮನೆಗೆ ಕಳಿಸಲು ಅವರ ಹತ್ತಿರ ಜನ ಇಲ್ಲ. ಮಿಡ್‌ವೈಫ್‌ಗಳು ಕಡಿಮೆ, ರಾತ್ರಿ ಪಾಳಿಯಲ್ಲಿ ಇರುವವರು ವಾರ್ಡ್ ಬಿಟ್ಟು ಬರುವಂತಿಲ್ಲ. ಮೂರನೆಯದು, "ನಮ್ಮಲ್ಲಿ ಆ ಪದ್ಧತಿ ಇಲ್ಲ". ಇದರ ಹಿಂದೆ ವಿಮೆ, ಕೋರ್ಟು ಕೇಸಿನ ಭಯ, ಹಿಂದೆ ಕಂಡ ಕೆಟ್ಟ ಅನುಭವ, ಏನು ಬೇಕಾದರೂ ಇರಬಹುದು.

ಮೂರಕ್ಕೂ ಉತ್ತರ ಬೇರೆ ಬೇರೆ. ಮೊದಲನೆಯದಾದರೆ ವಾದ ಬಿಟ್ಟು ಕಿವಿಗೊಡಿ. ಎರಡನೆಯದಾದರೆ ಹೊರಗಿನಿಂದ ಮಿಡ್‌ವೈಫ್ ಹುಡುಕಬಹುದು, ಅಥವಾ ಬೇರೆ ಆಸ್ಪತ್ರೆ ವಿಚಾರಿಸಬಹುದು. ಮೂರನೆಯದಾದರೆ ಮಾತಾಡಲು ಜಾಗ ಇದೆ. ಅದಕ್ಕೇ ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಇಷ್ಟೇ: "ಇದು ನನ್ನ ವಿಷಯಕ್ಕೆ ಬೇಡ ಅನ್ನುತ್ತಿದ್ದೀರೋ, ಯಾರಿಗೇ ಆದರೂ ಬೇಡ ಅನ್ನುತ್ತೀರೋ?"

ನನಗೆ ಮನೆ ಹೆರಿಗೆ ಸರಿಹೋಗುತ್ತಾ? ಹೇಗೆ ತಿಳಿಯುವುದು?

ಸಾಮಾನ್ಯವಾಗಿ ನೋಡುವುದು ಇವನ್ನು. ಹೊಟ್ಟೆಯಲ್ಲಿ ಒಂದೇ ಮಗು ಇರಬೇಕು. ಅದರ ತಲೆ ಕೆಳಗಿರಬೇಕು. 37 ವಾರ ತುಂಬಿರಬೇಕು, 42 ದಾಟಿರಬಾರದು. ಬಿಪಿ ಸರಿಯಿರಬೇಕು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿಲ್ಲ ಅಂತ ಸ್ಕ್ಯಾನ್‌ನಲ್ಲಿ ಖಚಿತವಾಗಿರಬೇಕು. ರಕ್ತಹೀನತೆ ಇರಬಾರದು. ಹೃದಯದ ತೊಂದರೆ, ಫಿಟ್ಸ್, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ ಇದ್ದವರಿಗೆ ಆಸ್ಪತ್ರೆಯೇ ಸರಿ.

ಅವಳಿ ಮಕ್ಕಳು, ಕುಂಡೆ ಕೆಳಗಿರುವ ಮಗು, ಹಿಂದಿನ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದು, ಮಾಸು ಒಳಗೇ ಉಳಿದು ಕೈ ಹಾಕಿ ತೆಗೆದಿದ್ದು, ಮಗುವಿನ ಭುಜ ಸಿಕ್ಕಿಕೊಂಡಿದ್ದು: ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ ಹಿಂದೇಟು ಹಾಕುವುದಕ್ಕೆ ಗಟ್ಟಿ ಕಾರಣ ಇದೆ.

ಸಿಸೇರಿಯನ್ ಆದವರು ಜಾಸ್ತಿ ಕೇಳುವುದರಿಂದ ಬಿಡಿಸಿ ಹೇಳುತ್ತೇವೆ. ಹಿಂದೆ ಒಂದು ಸಿಸೇರಿಯನ್ ಆಗಿದ್ದು, ಈಗ ತಾನಾಗಿ ಹೆರಿಗೆ ಆಗಲಿ ಅಂತ ಕಾದರೆ, ಸುಮಾರು 200ರಲ್ಲಿ ಒಬ್ಬರಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಸಾಧ್ಯತೆ ಇದೆ. 200ರಲ್ಲಿ ಒಂದು ಅಂದರೆ ಕಡಿಮೆಯೇ. ಆದರೆ ಆದಾಗ ನಿಮಿಷಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಮನೆಯಿಂದ ಆ ನಿಮಿಷಗಳು ಸಿಗುವುದಿಲ್ಲ. ಇದು ಆಸ್ಪತ್ರೆಯಲ್ಲೇ ಮಾಡಬೇಕಾದ ಪ್ರಯತ್ನ ಅನ್ನುವುದು ನಮ್ಮ ಅಭಿಪ್ರಾಯ.

ನಿಜವಾಗಿ ಅಪಾಯ ಎಷ್ಟು? ಒಬ್ಬರು ಒಂದೊಂದು ಹೇಳುತ್ತಾರೆ.

ಹೇಳೇ ಹೇಳುತ್ತಾರೆ. ಡಾಕ್ಟರ್ ಕಣ್ಣಿಗೆ ಬೀಳುವುದು ಮನೆಯಲ್ಲಿ ಕೆಟ್ಟು ಆಸ್ಪತ್ರೆಗೆ ಓಡಿ ಬಂದ ಹೆರಿಗೆಗಳು ಮಾತ್ರ. ಮನೆಯಲ್ಲಿ ಹೆತ್ತು ಖುಷಿಯಾಗಿರುವವರು ಹೇಳುವುದು ಚೆನ್ನಾಗಿ ಆಗಿದ್ದನ್ನು ಮಾತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಲೆಕ್ಕ ಬೇಕು ಅಂದರೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಬರ್ತ್‌ಪ್ಲೇಸ್ ಅಧ್ಯಯನ ನೋಡಬೇಕು. ಕಡಿಮೆ ಅಪಾಯದ ಸುಮಾರು 64,000 ಹೆರಿಗೆಗಳನ್ನು ಅದರಲ್ಲಿ ಹೋಲಿಸಿದರು. ಎರಡನೆಯ ಅಥವಾ ನಂತರದ ಹೆರಿಗೆಯಾದರೆ, ಮಗುವಿಗೆ ಆಗುವ ಗಂಭೀರ ತೊಂದರೆಯಲ್ಲಿ ಮನೆಗೂ ಆಸ್ಪತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಕಂಡಿತು. ಆಸ್ಪತ್ರೆಯಲ್ಲಿ ಸಾವಿರಕ್ಕೆ ಸುಮಾರು 5, ಮನೆಯಲ್ಲಿ ಸುಮಾರು 9. ತಾಯಿಯ ಕಡೆಯಿಂದ ನೋಡಿದರೆ, ಮನೆ ಅಂತ ಆರಿಸಿಕೊಂಡವರಿಗೆ ಸಿಸೇರಿಯನ್, ಇಕ್ಕಳ ಹಾಕಿ ತೆಗೆಯುವುದು ಇಂಥವು ಕಡಿಮೆ ಆಗಿದ್ದವು.

ಜನ ಗಮನಿಸದ ಸಂಖ್ಯೆ ಬೇರೆ ಇದೆ. ಮನೆಯಲ್ಲಿ ಶುರು ಮಾಡಿದ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಯನ್ನು ನಡುವೆ ಅಥವಾ ಹೆರಿಗೆ ಆದ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಇದು ನೂರಕ್ಕೆ 12ರಷ್ಟು. ಎಲ್ಲಕ್ಕಿಂತ ಸಾಮಾನ್ಯವಾಗಿ ಕಂಡ ಕಾರಣ ಜೀವ ಉಳಿಸುವ ಧಾವಂತ ಅಲ್ಲ, ಹೆರಿಗೆ ಮುಂದೆ ಸಾಗುತ್ತಿಲ್ಲ ಅನ್ನುವುದು. ಆದರೂ ಚೊಚ್ಚಲು ಅಂದಮೇಲೆ ಆಸ್ಪತ್ರೆಗೆ ಹೋಗುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧ ಅಂತಲೇ ಹೊರಡಬೇಕು.

ಇನ್ನೊಂದು ಮಾತು. ಈ ಅಂಕಿಗಳು ಬಂದಿದ್ದು ತರಬೇತಿ ಪಡೆದ ಮಿಡ್‌ವೈಫ್‌ಗಳು, ಆಂಬ್ಯುಲೆನ್ಸ್, ಆಸ್ಪತ್ರೆ ಮೂರೂ ಒಂದೇ ವ್ಯವಸ್ಥೆಯಲ್ಲಿ ಇರುವ ಕಡೆ. ಆ ವ್ಯವಸ್ಥೆ ಇಲ್ಲದ ಕಡೆಗೆ ಇವೇ ಅಂಕಿಗಳನ್ನು ತಂದು ವಾದ ಮಾಡಿದರೆ ಡಾಕ್ಟರ್ ಒಪ್ಪುವುದಿಲ್ಲ. ಅವರು ಒಪ್ಪದಿರುವುದೇ ಸರಿ.

ಹಾಗಾದರೆ ಆಸ್ಪತ್ರೆಗೆ ಹೇಳದೆ ಸುಮ್ಮನೆ ಏರ್ಪಾಡು ಮಾಡಿಕೊಳ್ಳಬಹುದಲ್ವಾ? ಜಗಳವೇ ಇರಲ್ಲ.

ದಯವಿಟ್ಟು ಬೇಡ. ಮನೆ ಹೆರಿಗೆ ಸುರಕ್ಷಿತವಾಗುವುದು ಅದರ ಬೆನ್ನಿಗೆ ಆಸ್ಪತ್ರೆ ಇದ್ದಾಗ ಮಾತ್ರ. ನಿಮ್ಮ ಹೆಸರು, ರಕ್ತದ ಗುಂಪು, ಸ್ಕ್ಯಾನ್ ವರದಿ, ಹಿಂದಿನ ಹೆರಿಗೆಯ ವಿವರ ಇವೆಲ್ಲ ಅವರ ಹತ್ತಿರ ಮೊದಲೇ ಇರಬೇಕು. ರಾತ್ರಿ ಎರಡು ಗಂಟೆಗೆ ರಕ್ತ ಹೋಗುತ್ತಾ ಬಂದವರ ಹತ್ತಿರ ಕೂತು ಇದನ್ನೆಲ್ಲ ಕೇಳಿ ಬರೆದುಕೊಳ್ಳಲು ಯಾರಿಗೂ ಹೊತ್ತಿರುವುದಿಲ್ಲ.

ಅದಕ್ಕೇ, ಮನೆಯಲ್ಲಿ ಹೆರುವ ಯೋಚನೆ ಎಷ್ಟೇ ಗಟ್ಟಿಯಿದ್ದರೂ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ತಪಾಸಣೆ ಒಂದನ್ನೂ ತಪ್ಪಿಸಬೇಡಿ.

ಮಾತು ಯಾವಾಗ, ಹೇಗೆ ಶುರು ಮಾಡುವುದು?

ಬೇಗ ಮಾಡಿ. ಐದು ತಿಂಗಳು ತುಂಬುವ ಹೊತ್ತಿಗೆ ಮುಖ್ಯವಾದ ಸ್ಕ್ಯಾನ್ ಮುಗಿದಿರುತ್ತದೆ, ಚಿತ್ರ ಸ್ವಲ್ಪ ಸ್ಪಷ್ಟವಾಗಿರುತ್ತದೆ. ಎಂಟೂವರೆ ತಿಂಗಳಲ್ಲಿ ಹೋಗಿ ಕೇಳಿದರೆ ಒಪ್ಪುವ ಮನಸ್ಸಿದ್ದವರಿಗೂ ಏರ್ಪಾಡು ಮಾಡಲು ಸಮಯ ಸಾಲುವುದಿಲ್ಲ.

ಸಾಲಾಗಿ ಜನ ಕಾಯುತ್ತಿರುವ ಹೊತ್ತಿನಲ್ಲಿ ಐದು ನಿಮಿಷದ ಭೇಟಿಯಲ್ಲಿ ಈ ವಿಷಯ ಎತ್ತಬೇಡಿ. "ಹೆರಿಗೆ ಎಲ್ಲಿ ಅನ್ನುವುದರ ಬಗ್ಗೆ ಮಾತಾಡಬೇಕು, ಅರ್ಧ ಗಂಟೆ ಕೊಡಿ" ಅಂತ ಬೇರೆ ಸಮಯ ಕೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರ ಕೆಲಸ ಬರೆದುಕೊಳ್ಳುವುದು.

"ನನಗೆ ಮನೆಯಲ್ಲೇ ಹೆರಿಗೆ ಬೇಕು, ನೀವು ಒಪ್ಪಲೇಬೇಕು" ಅಂತ ಶುರು ಮಾಡಿದರೆ ಉತ್ತರ ಒಂದೇ ಪದದಲ್ಲಿ ಬರುತ್ತದೆ. ಹೀಗೆ ಕೇಳಿ ನೋಡಿ: "ಮನೆಯಲ್ಲಿ ಹೆರುವ ಯೋಚನೆ ಇದೆ. ನನ್ನ ವರದಿಗಳನ್ನು ನೋಡಿದರೆ ನಿಮಗೆ ಯಾವ ವಿಷಯಕ್ಕೆ ಭಯ ಆಗುತ್ತದೆ? ಅದಕ್ಕೆ ಏನು ಏರ್ಪಾಡು ಇದ್ದರೆ ನಿಮಗೆ ಸಮಾಧಾನ?" ಈಗ ಅವರು ತಮ್ಮ ಭಯಕ್ಕೆ ಹೆಸರು ಹೇಳಬೇಕಾಗುತ್ತದೆ. "ರಕ್ತಸ್ರಾವ ಆದರೆ ಏನು ಮಾಡ್ತೀರಾ" ಅಂದರೆ, ಮಿಡ್‌ವೈಫ್ ಹತ್ತಿರ ಯಾವ ಔಷಧಿ ಇರುತ್ತದೆ, ಆಸ್ಪತ್ರೆ ತಲುಪಲು ಎಷ್ಟು ಹೊತ್ತು ಅಂತ ನೀವು ಹೇಳಬಹುದು. ಹೆಸರಿಲ್ಲದ ಭಯಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ಒಬ್ಬ ಡಾಕ್ಟರ್ ಒಪ್ಪದಿದ್ದರೆ ಅದೇ ಆಸ್ಪತ್ರೆಯ ಹಿರಿಯ ಮಿಡ್‌ವೈಫ್ ಅಥವಾ ಹೆರಿಗೆ ವಿಭಾಗದ ಮುಖ್ಯಸ್ಥರನ್ನು ಕಾಣಲು ಕೇಳಿ. ಇದು ದೂರು ಕೊಟ್ಟಂತೆ ಅಲ್ಲ. ಎರಡನೆಯ ಅಭಿಪ್ರಾಯ ಕೇಳುವುದು ವೈದ್ಯಕೀಯದಲ್ಲಿ ದಿನನಿತ್ಯದ ವಿಷಯ.

"ಮಗುವಿನ ಜೀವದ ಜೊತೆ ಆಟ ಆಡ್ತಿದ್ದೀರಾ" ಅಂದುಬಿಟ್ಟರು. ಅಲ್ಲೇ ಅತ್ತುಬಿಟ್ಟೆ.

ಇಂಥ ಮಾತು ಕೇಳಿಸಿಕೊಂಡವರು ನೀವೊಬ್ಬರೇ ಅಲ್ಲ. ಮಾತು ಒರಟು, ನಿಜ. ಆ ಕ್ಷಣಕ್ಕೆ ವಾದ ಮಾಡಬೇಡಿ. "ನಿಮ್ಮ ಕಾಳಜಿ ಅರ್ಥ ಆಯಿತು. ನನ್ನ ವಿಷಯದಲ್ಲಿ ಯಾವ ಅಪಾಯ, ಎಷ್ಟು ಅಂತ ಬರೆದು ಕೊಡುತ್ತೀರಾ?" ಅಂತ ಕೇಳಿ. ಬರೆಯಲು ಕೂತಾಗ ಯಾರಾದರೂ ತೂಕ ನೋಡಿಯೇ ಬರೆಯುತ್ತಾರೆ. ಬರೆದದ್ದರಲ್ಲಿ ನಿಜವಾದ ಕಾರಣ ಇದ್ದರೆ, ಬೈದರು ಅನ್ನುವ ಸಿಟ್ಟಿಗೆ ಅದನ್ನು ತಳ್ಳಿಹಾಕಬೇಡಿ. ಹೇಳಿದ ರೀತಿ ಕೆಟ್ಟದಿದ್ದರೂ ಹೇಳಿದ ವಿಷಯ ಸರಿಯಿರಬಹುದು.

ಮಗು ಹುಟ್ಟಿದ ಸರ್ಟಿಫಿಕೇಟ್ ಕೊಡಲ್ಲ, ತುರ್ತು ಅಂದರೂ ಸೇರಿಸಿಕೊಳ್ಳಲ್ಲ ಅಂತ ಹೆದರಿಸಿದರೆ ಮಾತ್ರ ಅದು ಬೇರೆ ವಿಷಯ. ಅದನ್ನು ತಾರೀಖು ಹಾಕಿ ಬರೆದಿಟ್ಟುಕೊಂಡು ಆಸ್ಪತ್ರೆಯ ಆಡಳಿತಕ್ಕೆ ಲಿಖಿತವಾಗಿ ಕೊಡಿ.

ಕಾನೂನು ಏನು ಹೇಳುತ್ತದೆ?

ದೇಶಕ್ಕೊಂದು ಥರ. ನೆದರ್ಲೆಂಡ್ಸ್‌ನಂಥ ಕಡೆ ಮನೆ ಹೆರಿಗೆ ಮಾಮೂಲಿ ವ್ಯವಸ್ಥೆಯ ಒಂದು ಭಾಗ. ಇನ್ನು ಕೆಲವು ಕಡೆ ಹೆರುವ ತಾಯಿಗೆ ಅಡ್ಡಿಯಿಲ್ಲ, ಆದರೆ ಮನೆಗೆ ಬಂದು ಹೆರಿಗೆ ಮಾಡಿಸುವ ಮಿಡ್‌ವೈಫ್‌ಗೆ ಅಡ್ಡಿಯಿದೆ. ಇದು ವಿಚಿತ್ರ ಅನಿಸಬಹುದು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಬಂದಿದ್ದೂ ಇಂಥದೇ ವಿಷಯ. 2010ರಲ್ಲಿ ಹಂಗೆರಿಯ ಒಬ್ಬ ಮಹಿಳೆಯ ಪ್ರಕರಣದಲ್ಲಿ, ಎಲ್ಲಿ ಹೇಗೆ ಹೆರಬೇಕು ಅನ್ನುವುದು ಖಾಸಗಿ ಬದುಕಿನ ಭಾಗ ಅಂತ ಅದು ಹೇಳಿತು. ಮರುವರ್ಷವೇ ಹಂಗೆರಿ ಮನೆ ಹೆರಿಗೆಗೆ ನಿಯಮ ಮಾಡಿತು. ಆದರೆ 2016ರಲ್ಲಿ ಜೆಕ್ ದೇಶದ ಪ್ರಕರಣದಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ, ಮಿಡ್‌ವೈಫ್‌ಗಳು ಮನೆಗೆ ಬರುವುದನ್ನು ಸರ್ಕಾರ ತಡೆದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ ಅಂದಿತು.

ಹಕ್ಕು ಅನ್ನುವುದರಲ್ಲಿ ಎರಡು ವಿಷಯ ಕಲೆತಿವೆ. ಆಸ್ಪತ್ರೆಗೆ ದಾಖಲಾಗಲು ಒಲ್ಲೆ ಅನ್ನುವ ಹಕ್ಕು ಒಂದು. ಮನೆಗೆ ಮಿಡ್‌ವೈಫ್ ಕಳಿಸಿ ಅಂತ ಆಸ್ಪತ್ರೆಯನ್ನು ಒತ್ತಾಯಿಸುವ ಹಕ್ಕು ಇನ್ನೊಂದು. ಮೊದಲನೆಯದು ಇದ್ದ ಕಡೆಯೆಲ್ಲ ಎರಡನೆಯದೂ ಇರುತ್ತದೆ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಹೇಗೆ ಅಂತ ಮಿಡ್‌ವೈಫ್‌ಗಳಿಗೆ ಪರವಾನಗಿ ಕೊಡುವ ಮಂಡಳಿಯಲ್ಲಿ ವಿಚಾರಿಸಿ.

ಮಿಡ್‌ವೈಫ್ ಸಿಕ್ಕರು. ಅವರನ್ನು ಏನು ಕೇಳಬೇಕು?

ಪರವಾನಗಿ ಸಂಖ್ಯೆ ಕೇಳಿ. ಸಂಕೋಚ ಬೇಡ. ಒಳ್ಳೆಯ ಮಿಡ್‌ವೈಫ್ ತಾವೇ ತೋರಿಸುತ್ತಾರೆ.

ಆಮೇಲೆ ಹೀಗೆ ಕೇಳಿ. ಈವರೆಗೆ ಎಷ್ಟು ಮನೆ ಹೆರಿಗೆ ಮಾಡಿಸಿದ್ದೀರಿ, ಅದರಲ್ಲಿ ಎಷ್ಟು ಮಂದಿಯನ್ನು ಆಸ್ಪತ್ರೆಗೆ ಸಾಗಿಸಿದ್ದೀರಿ? "ಒಬ್ಬರನ್ನೂ ಇಲ್ಲ" ಅನ್ನುವುದು ಹೆಮ್ಮೆಯ ಉತ್ತರ ಅಲ್ಲ, ಹೆದರಬೇಕಾದ ಉತ್ತರ. ಉಸಿರಾಡದ ಮಗುವಿಗೆ ಉಸಿರು ಕೊಡುವ ತರಬೇತಿ ಕೊನೆಯ ಸಲ ಯಾವಾಗ ಆಯಿತು? ಮಗುವಿನ ಭುಜ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ಹೆರಿಗೆಯ ಹೊತ್ತಿಗೆ ಎರಡನೆಯವರು ಯಾರು ಬರುತ್ತಾರೆ? ಮಗು ಹೊರಬರುವಾಗ ತರಬೇತಿ ಇರುವ ಇಬ್ಬರು ಇರಬೇಕು. ತಾಯಿಗೂ ಮಗುವಿಗೂ ಒಟ್ಟಿಗೇ ತೊಂದರೆ ಆದರೆ ಒಬ್ಬರ ಎರಡು ಕೈ ಸಾಲುವುದಿಲ್ಲ.

ಅವರ ಚೀಲದಲ್ಲಿ ಏನಿದೆ ಅಂತಲೂ ನೋಡಿ. ಮಗುವಿನ ಎದೆಬಡಿತ ಕೇಳುವ ಡಾಪ್ಲರ್, ಬಿಪಿ ಉಪಕರಣ, ಮಗುವಿಗೆ ಗಾಳಿ ಕೊಡುವ ಬ್ಯಾಗ್ ಮತ್ತು ಮಾಸ್ಕ್, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್, ಹೊಲಿಗೆ ಸಾಮಾನು, ವಿಟಮಿನ್ ಕೆ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್. ಆಕ್ಸಿಟೋಸಿನ್ ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದ ಔಷಧಿ. ಹೊರಗೆ ಬಿಸಿಯಲ್ಲಿ ಬಿದ್ದಿದ್ದರೆ ಅದರ ಶಕ್ತಿ ಕುಂದುತ್ತದೆ. ಎಲ್ಲಿ ಇಟ್ಟಿರುತ್ತೀರಿ ಅಂತ ಕೇಳುವುದು ಸಣ್ಣ ಪ್ರಶ್ನೆ ಅನಿಸಿದರೂ ಕೇಳಿ.

ಹೆರಿಗೆ ನೋವಿನ ಜೋರಿನ ಹಂತದಲ್ಲಿ 15 ನಿಮಿಷಕ್ಕೊಮ್ಮೆ, ಮಗುವನ್ನು ಹೊರಗೆ ತಳ್ಳುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. "ನಾನು ಅಷ್ಟೆಲ್ಲ ತೊಂದರೆ ಕೊಡಲ್ಲ, ಸಹಜವಾಗಿ ಬಿಡ್ತೀನಿ" ಅನ್ನುವವರಿದ್ದರೆ ನಮಸ್ಕಾರ ಹೇಳಿ ಬೇರೆಯವರನ್ನು ಹುಡುಕಿ.

ಡೌಲಾ (ಹೆರಿಗೆಯ ಹೊತ್ತಿಗೆ ಜೊತೆಗಿದ್ದು ಧೈರ್ಯ ತುಂಬುವವರು) ಇದ್ದಾರೆ. ಅಥವಾ ಹತ್ತಾರು ಹೆರಿಗೆ ಕಂಡ ಹಿರಿಯರಿದ್ದಾರೆ. ಅವರು ಸಾಲದಾ?

ಜೊತೆಗಿರಲಿ, ತುಂಬಾ ಒಳ್ಳೆಯದು. ಬೆನ್ನು ತಿಕ್ಕುವವರು, ಧೈರ್ಯ ಹೇಳುವವರು ಪಕ್ಕದಲ್ಲೇ ಇದ್ದರೆ ಹೆರಿಗೆ ಹಗುರಾಗುತ್ತದೆ. ಆದರೆ ಡೌಲಾ ಕೆಲಸದಲ್ಲಿ ಚಿಕಿತ್ಸೆ ಸೇರಿಲ್ಲ. ಹಿರಿಯರ ಅನುಭವ ದೊಡ್ಡದೇ, ಆದರೆ ಇಂಜೆಕ್ಷನ್, ಬ್ಯಾಗ್-ಮಾಸ್ಕ್ ಬೇಕಾಗುವ ಹೊತ್ತಿಗೆ ಅದು ಸಾಲದು.

ಯಾರೂ ಸಿಗದಿದ್ದರೆ ನಾವಿಬ್ಬರೇ ಮಾಡಿಕೊಂಡರೆ?

ಬೇಡ. ಮಿಡ್‌ವೈಫ್ ಸಿಗದಿದ್ದರೆ ಮನೆ ಹೆರಿಗೆಯನ್ನು ಕೈಬಿಡಿ. ಇದರಲ್ಲಿ ಎರಡನೆಯ ಯೋಚನೆ ಇಲ್ಲ.

ಆಸ್ಪತ್ರೆ ಎಷ್ಟು ಹತ್ತಿರ ಇರಬೇಕು?

ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಾಕಿ. ಅದೂ ಕೆಟ್ಟ ಹೊತ್ತಿನ ನಿಮಿಷ: ಸಂಜೆ ದಟ್ಟಣೆ, ಜೋರು ಮಳೆ. ಆಂಬ್ಯುಲೆನ್ಸ್ ಮನೆಗೆ ಬರಲು ಎಷ್ಟು, ಮೆಟ್ಟಿಲಿಳಿಸಿ ಹತ್ತಿಸಲು ಎಷ್ಟು, ಹೋಗಲು ಎಷ್ಟು, ಇಷ್ಟನ್ನೂ ಕೂಡಿಸಿ. ಸಾಮಾನ್ಯವಾಗಿ ಜನ ಮೂರನೆಯದನ್ನು ಮಾತ್ರ ಎಣಿಸುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಆಪರೇಷನ್ ಥಿಯೇಟರ್ ನಡೆಯುತ್ತದಾ, ರಕ್ತ ಸಿಗುತ್ತದಾ ಅಂತಲೂ ಕೇಳಿಕೊಳ್ಳಿ. ಇಲ್ಲದಿದ್ದರೆ ಅದು ಹತ್ತಿರ ಇದ್ದೂ ಪ್ರಯೋಜನವಿಲ್ಲ.

ಕೂಡಿಸಿದ್ದು ಒಂದು ಗಂಟೆ ದಾಟಿದರೆ ನಾವಾದರೆ ಮನೆ ಹೆರಿಗೆಗೆ ಹೋಗುವುದಿಲ್ಲ.

ಆಸ್ಪತ್ರೆಯ ಜೊತೆ ಬರಹದಲ್ಲಿ ಏನೇನು ಇರಬೇಕು?

ಒಂದು ಪುಟ ಸಾಕು. ಹತ್ತು ಪುಟದ್ದನ್ನು ಯಾರೂ ಓದುವುದಿಲ್ಲ. ಮೇಲೆ ನಿಮ್ಮ ಹೆಸರು, ಆಸ್ಪತ್ರೆಯ ಸಂಖ್ಯೆ, ರಕ್ತದ ಗುಂಪು, ಅಲರ್ಜಿ, ಹಿಂದಿನ ಹೆರಿಗೆಯ ವಿವರ. ಕೆಳಗೆ ಯಾವ್ಯಾವ ಸಂದರ್ಭದಲ್ಲಿ ಸಾಗಿಸುತ್ತೇವೆ, ಯಾರು ಫೋನ್ ಮಾಡುತ್ತಾರೆ, ಯಾವ ಸಂಖ್ಯೆಗೆ. ಮಿಡ್‌ವೈಫ್ ಜೊತೆಯಲ್ಲೇ ಬಂದು ಒಳಗೆ ವಿಷಯ ಒಪ್ಪಿಸುತ್ತಾರೆ ಅನ್ನುವುದನ್ನೂ ಸೇರಿಸಿ. ಒಂದು ಪ್ರತಿ ನಿಮ್ಮ ಫೈಲಿನಲ್ಲಿ, ಒಂದು ಮನೆಯ ಬಾಗಿಲ ಹಿಂದೆ.

ಕೆಲವು ಆಸ್ಪತ್ರೆಗಳು "ವೈದ್ಯರ ಸಲಹೆಗೆ ವಿರುದ್ಧವಾಗಿ" ಅಂತ ಸಹಿ ಕೇಳುತ್ತವೆ. ಓದಿ ಸಹಿ ಹಾಕಬಹುದು. ಆದರೆ ಅದರಲ್ಲಿ "ಮುಂದೆ ಚಿಕಿತ್ಸೆ ಕೇಳುವುದಿಲ್ಲ" ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ಅದನ್ನು ಹೊಡೆದು ಹಾಕಲು ಕೇಳಿ.

ಮನೆಯಲ್ಲಿ ಏನು ಸಿದ್ಧ ಮಾಡಿಕೊಳ್ಳಬೇಕು?

ಅಂದುಕೊಂಡಷ್ಟು ಏನಿಲ್ಲ. ನೀರು ಇಳಿಯದ ಹಾಸು, ತುಂಬಾ ಟವಲುಗಳು, ಪ್ಯಾಡ್‌ಗಳು, ಕಸದ ಚೀಲ, ಬೆಳಕು ಚೆನ್ನಾಗಿರುವ ಟಾರ್ಚ್. ಕರೆಂಟ್ ಹೋಗುವುದು ನಿಮ್ಮನ್ನು ಕೇಳಿಕೊಂಡಲ್ಲ. ಕೋಣೆ ಬೆಚ್ಚಗಿರಬೇಕು, 25 ಡಿಗ್ರಿಯ ಆಸುಪಾಸು. ಒದ್ದೆ ಮಗು ಬೇಗ ತಣ್ಣಗಾಗುತ್ತದೆ. ಆಸ್ಪತ್ರೆಯ ಚೀಲ ಕಟ್ಟಿ ಬಾಗಿಲ ಬಳಿ ಇಡಿ. ಮನೆ ಹೆರಿಗೆ ಅಂತ ಅದನ್ನು ಕಟ್ಟದೆ ಇರುವವರೇ ಜಾಸ್ತಿ.

ನೋವು ಹಗುರಾಗಲಿ ಅಂತ ಕೂರಲು ನೀರಿನ ತೊಟ್ಟಿ ತರುವವರು ಎರಡು ವಿಷಯ ನೆನಪಿಡಿ. ನೀರು 37.5 ಡಿಗ್ರಿ ದಾಟಬಾರದು. ಇನ್ನೊಂದು, 500 ಲೀಟರ್ ಹಿಡಿಯುವ ತೊಟ್ಟಿ ತುಂಬಿದರೆ ನೀರೇ ಅರ್ಧ ಟನ್ ತೂಗುತ್ತದೆ. ಮೇಲಿನ ಮಹಡಿಯಲ್ಲಿದ್ದರೆ ನೆಲ ತಡೆಯುತ್ತದಾ ಅಂತ ತಿಳಿದವರನ್ನು ಕೇಳಿ.

ಬಾಗಿಲಿನಿಂದ ಆಂಬ್ಯುಲೆನ್ಸ್‌ವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡಿ. ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸುತ್ತದಾ? ಗೇಟಿನ ಬೀಗದ ಕೈ ಯಾರ ಹತ್ತಿರ?

ನೋವು ತಡೆಯಲು ಆಗದಿದ್ದರೆ?

ಬೆಚ್ಚನೆಯ ನೀರು, ಓಡಾಟ, ಮಂಡಿಯೂರಿ ಬಾಗುವುದು, ಬೆನ್ನು ಒತ್ತುವುದು ಇವೆಲ್ಲ ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ಕೆಲವು ಕಡೆ ಮಿಡ್‌ವೈಫ್ ಉಸಿರಿನಲ್ಲಿ ಎಳೆದುಕೊಳ್ಳುವ ಗ್ಯಾಸ್ ತರುತ್ತಾರೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಮಾತ್ರ ಮನೆಯಲ್ಲಿ ಇಲ್ಲ. ಅದು ಬೇಕು ಅನಿಸಿದರೆ ಹೊರಡಿ. ನೋವಿಗಾಗಿ ಮನಸ್ಸು ಬದಲಾಯಿಸುವುದು ಪೂರ್ತಿ ಸರಿಯಾದ ಕಾರಣ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಯಾವಾಗ ಆಸ್ಪತ್ರೆಗೆ ಹೊರಡಲೇಬೇಕು?

ಈ ಪಟ್ಟಿಯನ್ನು ನೋವು ಶುರುವಾಗುವ ಮುಂಚೆಯೇ ಮಿಡ್‌ವೈಫ್, ಮನೆಯವರು, ಡಾಕ್ಟರ್ ಎಲ್ಲರೂ ಒಪ್ಪಿರಬೇಕು. ನೋವಿನ ನಡುವೆ ಚರ್ಚೆ ಮಾಡಲು ಆಗುವುದಿಲ್ಲ.

ತಾಯಿಯ ಕಡೆ: ಬಿಪಿ 160/110 ಒಂದೇ ಸಲ ಬಂದರೂ, ಅಥವಾ 140/90 ಅರ್ಧ ಗಂಟೆ ಬಿಟ್ಟು ನೋಡಿದಾಗಲೂ ಇಳಿಯದಿದ್ದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ. ನಾಡಿ 120 ದಾಟಿ ಇಳಿಯದಿದ್ದರೆ. ಲೋಳೆಯ ಜೊತೆ ಬರುವ ತುಸು ರಕ್ತದ ಮಾತು ಬೇರೆ, ಅದಕ್ಕಿಂತ ಜಾಸ್ತಿ ರಕ್ತ ಹೋದರೆ. ನೋವು ಬಿಟ್ಟ ನಡುವೆಯೂ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿದ್ದು ನೋಯುತ್ತಲೇ ಇದ್ದರೆ. ನೀರು ಒಡೆದು 24 ಗಂಟೆ ಕಳೆದರೂ ನೋವು ಶುರುವಾಗದಿದ್ದರೆ.

ಮಗುವಿನ ಕಡೆ: ಎದೆಬಡಿತ ನಿಮಿಷಕ್ಕೆ 110ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ ಹೋಗಿ ಸರಿಹೋಗದಿದ್ದರೆ. ನೀರಿನಲ್ಲಿ ಮಗುವಿನ ಮಲ ದಟ್ಟವಾಗಿ ಹಸಿರಾಗಿ ಕಂಡರೆ. ಕುಂಡೆಯೋ ಕಾಲೋ ಮೊದಲು ಬರುತ್ತಿದೆ ಅಂತ ಗೊತ್ತಾದರೆ.

ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಹೊರಗೆ ಕಂಡರೆ ಅದು ಎಲ್ಲಕ್ಕಿಂತ ತುರ್ತು. ಅದನ್ನು ಒಳಗೆ ತಳ್ಳಬೇಡಿ. ತಾಯಿ ಮಂಡಿ ಮತ್ತು ಮೊಣಕೈ ಊರಿ, ಸೊಂಟ ಮೇಲೆತ್ತಿ, ತಲೆ ಕೆಳಗೆ ಮಾಡಬೇಕು. ಮಗುವಿನ ಭಾರ ಬಳ್ಳಿಯ ಮೇಲೆ ಬೀಳದಿರಲಿ ಅಂತ. ಆಂಬ್ಯುಲೆನ್ಸ್‌ಗೆ ಫೋನ್ ಮಾಡುವಾಗ ಇದನ್ನೇ ಮೊದಲು ಹೇಳಿ.

ಮಗು ಬಂದ ಮೇಲೆ: ರಕ್ತ ಅರ್ಧ ಲೀಟರ್ ಮುಟ್ಟಿ ಇನ್ನೂ ಹೋಗುತ್ತಿದ್ದರೆ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಾದರೂ, ಇಂಜೆಕ್ಷನ್ ಇಲ್ಲದೆ ಒಂದು ಗಂಟೆಯಾದರೂ ಮಾಸು ಬೀಳದಿದ್ದರೆ. ಹರಿದದ್ದು ಆಳವಾಗಿದ್ದರೆ. ಮಗು ಉಸಿರಾಟಕ್ಕೆ ಒದ್ದಾಡಿದರೆ, ನೀಲಿಯಾದರೆ, ಜೋಲು ಬಿದ್ದಂತಿದ್ದರೆ.

ಕೊನೆಗೆ ಅವರ ಹತ್ತಿರವೇ ಹೋದರೆ "ಹೇಳಿರಲಿಲ್ವಾ" ಅಂತ ಬೈಯಲ್ವಾ?

ಬೈಯಬಹುದು. ಆ ಭಯಕ್ಕೆ ಅರ್ಧ ಗಂಟೆ ತಡ ಮಾಡುವುದು ಮಾತ್ರ ಬೇಡ. ಹೊರಡುವ ಮುನ್ನ ಮಿಡ್‌ವೈಫ್ ಫೋನ್ ಮಾಡಿ "ಇಂಥವರು, ಇಷ್ಟು ವಾರ, ಇಂಥ ಕಾರಣಕ್ಕೆ ಬರುತ್ತಿದ್ದೇವೆ" ಅಂದರೆ ಒಳಗೆ ಬರಮಾಡಿಕೊಳ್ಳುವ ರೀತಿಯೇ ಬೇರೆ ಆಗುತ್ತದೆ. ಗೊತ್ತಿಲ್ಲದವರು ದಿಢೀರಂತ ಬಂದು ನಿಲ್ಲುವುದೇ ಆಸ್ಪತ್ರೆಯವರ ಸಿಟ್ಟಿಗೆ ದೊಡ್ಡ ಕಾರಣ. ಮುಂಚೆಯೇ ಮಾತಾಡಿ, ಹೆಸರು ಬರೆಸಿ ಅಂತ ಮೇಲೆ ಒತ್ತಿ ಹೇಳಿದ್ದು ಇದಕ್ಕೂ ಸೇರಿಯೇ.

ಮಿಡ್‌ವೈಫ್ ಬರುವ ಮುಂಚೆಯೇ ಮಗು ಬಂದುಬಿಟ್ಟರೆ?

ಮೊದಲೇ ಹೆತ್ತವರಲ್ಲಿ ಹೀಗಾಗುವುದುಂಟು. ಆಂಬ್ಯುಲೆನ್ಸ್‌ಗೂ ಮಿಡ್‌ವೈಫ್‌ಗೂ ಫೋನ್ ಮಾಡಿ, ಫೋನನ್ನು ಸ್ಪೀಕರ್‌ನಲ್ಲಿಡಿ. ಮಗುವನ್ನು ಎಳೆಯಬೇಡಿ, ಕೈಯೊಡ್ಡಿ ಹಿಡಿಯಿರಿ. ಬಳ್ಳಿ ಕುತ್ತಿಗೆಗೆ ಸಡಿಲವಾಗಿ ಸುತ್ತಿದ್ದರೆ ತಲೆಯ ಮೇಲಿಂದ ಜಾರಿಸಿ. ಕೂಡಲೇ ಟವಲಿನಿಂದ ಚೆನ್ನಾಗಿ ಒರೆಸಿ, ತಾಯಿಯ ಎದೆಗೆ ಮೈ ತಾಗಿಸಿ ಮಲಗಿಸಿ, ಇಬ್ಬರಿಗೂ ಒಣ ಬಟ್ಟೆ ಹೊದಿಸಿ, ಮಗುವಿನ ತಲೆ ಮುಚ್ಚಿ. ಅಳದಿದ್ದರೆ ಬೆನ್ನು ತಿಕ್ಕಿ. ಆಗಲೂ ಉಸಿರಾಡದಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಮಾಡಿ. ಬಳ್ಳಿ ಕತ್ತರಿಸುವ ಗೊಡವೆಗೆ ಹೋಗಬೇಡಿ, ಅದರಲ್ಲಿ ಅವಸರ ಏನೂ ಇಲ್ಲ. ಬಳ್ಳಿ ಎಳೆದು ಮಾಸು ತೆಗೆಯಲು ನೋಡಬೇಡಿ.

ಆಸ್ಪತ್ರೆ ಒಪ್ಪಿತು, ಮನೆಯವರು ಒಪ್ಪುತ್ತಿಲ್ಲ.

ಅವರನ್ನು ಮಿಡ್‌ವೈಫ್ ಎದುರು ಕೂರಿಸಿ. ನೀವು ನೂರು ಸಲ ಹೇಳಿದ್ದನ್ನು ಮಿಡ್‌ವೈಫ್ ಒಂದು ಸಲ ಹೇಳಿದರೆ ಮನೆಯವರು ಕೇಳುತ್ತಾರೆ. ಆದರೂ ಭಯ ಹೋಗದವರು ಹೆರಿಗೆಯ ಕೋಣೆಯಲ್ಲಿ ಇರುವುದು ಬೇಡ. ಅವರಿಗೆ ದೊಡ್ಡ ಮಗುವನ್ನು ನೋಡಿಕೊಳ್ಳುವ ಕೆಲಸ ಕೊಡಿ.

ಎಷ್ಟು ಪ್ರಯತ್ನಪಟ್ಟರೂ ಮನೆ ಹೆರಿಗೆ ಆಗುವಂತಿಲ್ಲ. ಬೇರೆ ದಾರಿ?

ಮನೆಯಲ್ಲಿ ಹೆರಬೇಕು ಅಂತ ಅನಿಸಿದ್ದು ಯಾಕೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಗಂಡ ಜೊತೆಗಿರಬೇಕು, ಓಡಾಡಲು ಬಿಡಬೇಕು, ಸುಮ್ಸುಮ್ನೆ ಕೊಯ್ಯಬಾರದು, ಮಗುವನ್ನು ಬೇರೆ ಕೋಣೆಗೆ ಒಯ್ಯಬಾರದು: ಸಾಮಾನ್ಯವಾಗಿ ಇಂಥವೇ ಇರುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಇಷ್ಟಪಟ್ಟವರು ಜೊತೆಗಿರಲಿ, ತಾಯಿ ಓಡಾಡಲಿ, ತನಗೆ ಬೇಕಾದ ಭಂಗಿಯಲ್ಲಿ ಹೆರಲಿ, ಬಳ್ಳಿಯನ್ನು ಕಡೇಪಕ್ಷ ಒಂದು ನಿಮಿಷ ಬಿಟ್ಟು ಕತ್ತರಿಸಲಿ ಅಂತ ಅದರಲ್ಲಿದೆ. ಡಾಕ್ಟರ್ ಎದುರು ಇಡಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರ ಹತ್ತಿರದಲ್ಲಿದ್ದರೆ ವಿಚಾರಿಸಿ. ಅದೂ ಇಲ್ಲದಿದ್ದರೆ, ನೋವಿನ ಮೊದಲ ಹಂತವನ್ನು ಮನೆಯಲ್ಲೇ ಕಳೆದು, ನೋವು ಜೋರಾದ ಮೇಲೆ ಹೊರಡುವುದು, ಎಲ್ಲ ಸರಿಯಿದ್ದರೆ ಬೇಗ ಡಿಸ್ಚಾರ್ಜ್ ಕೇಳುವುದು. ನಮ್ಮ ಅಂದಾಜಿನಲ್ಲಿ ತುಂಬಾ ಜನಕ್ಕೆ ನಿಜವಾಗಿ ಬೇಕಿದ್ದದ್ದು ಇದೇ.

ಮನೆಯಲ್ಲಿ ಹುಟ್ಟಿದ ಮಗುವಿಗೆ ಇಂಜೆಕ್ಷನ್, ತಪಾಸಣೆ ಯಾರು ಮಾಡುತ್ತಾರೆ?

ಆಸ್ಪತ್ರೆಯಲ್ಲಿ ಇವೆಲ್ಲ ತಾವಾಗಿ ಆಗಿಹೋಗುತ್ತವೆ. ಮನೆಯಲ್ಲಿ ನೀವೇ ನೆನಪಿಡಬೇಕು. ವಿಟಮಿನ್ ಕೆ ಇಂಜೆಕ್ಷನ್ ಹುಟ್ಟಿದ ಕೂಡಲೇ ಮಿಡ್‌ವೈಫ್ ಕೊಡಬಹುದು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ ಕೊಡಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಬಂದರೆ, ಮುಂದಿನ ಬಸುರಿಗೆ ತೊಂದರೆ ಆಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ತಾಯಿಗೆ ಬೀಳಬೇಕು. ಇದಕ್ಕಾಗಿ ಬಳ್ಳಿಯ ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು ಯಾರು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಮೊದಲ ಮೂರು ದಿನದೊಳಗೆ ಮಕ್ಕಳ ಡಾಕ್ಟರ್ ಒಮ್ಮೆ ಮಗುವಿನ ಹೃದಯ, ಕಣ್ಣು, ಸೊಂಟದ ಕೀಲು ನೋಡಲಿ. ಮೊದಲ ದಿನವೇ ಮೈ ಹಳದಿಯಾದರೆ ಕಾಯದೆ ಕರೆದುಕೊಂಡು ಹೋಗಿ.

ತಾಯಿಯನ್ನೂ ಮರೆಯಬೇಡಿ. ಒಂದು ಗಂಟೆಗೆ ಒಂದು ಪ್ಯಾಡ್ ನೆನೆದರೆ, ಜ್ವರ ಬಂದರೆ, ತಲೆನೋವು ಜೋರಾಗಿ ಕಣ್ಣು ಮಂಜಾದರೆ, ಕಾಲಿನ ಮೀನಖಂಡ ಒಂದು ಕಡೆ ಊದಿ ನೋಯುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು.

ಜನನ ನೋಂದಣಿಗೆ ತೊಂದರೆ ಆಗುತ್ತಾ?

ಆಸ್ಪತ್ರೆಯಲ್ಲಾದರೆ ಮಾಹಿತಿ ಅಲ್ಲಿಂದಲೇ ಹೋಗುತ್ತದೆ ಅಥವಾ ಕಾಗದ ಕೈಗೆ ಸಿಗುತ್ತದೆ. ಮನೆಯಲ್ಲಾದರೆ ಸಾಮಾನ್ಯವಾಗಿ ಮನೆಯವರೇ ಹೋಗಿ ತಿಳಿಸಬೇಕು, ಅದಕ್ಕೆ ಗಡುವೂ ಇರುತ್ತದೆ. ಯಾವ ನಮೂನೆ, ಯಾರ ಸಹಿ ಅಂತ ಏಳನೆಯ ತಿಂಗಳಲ್ಲೇ ನೋಂದಣಿ ಕಚೇರಿಯಲ್ಲಿ ಕೇಳಿ ಇಟ್ಟುಕೊಳ್ಳಿ. ಹುಟ್ಟಿದ ತಾರೀಖು, ಹೊತ್ತು, ತೂಕ, ಹಾಜರಿದ್ದವರ ಹೆಸರು ಬರೆದು ಮಿಡ್‌ವೈಫ್ ಹತ್ತಿರ ಅಂದೇ ಸಹಿ ಹಾಕಿಸಿಕೊಳ್ಳಿ. ನಿಮ್ಮ ತಪಾಸಣೆಯ ಫೈಲ್ ಜೊತೆಗೆ ಒಯ್ದರೆ ಕಚೇರಿಯವರು ಕೇಳುವ ಪ್ರಶ್ನೆ ಕಡಿಮೆ.